ಫ್ರೂಟ್ ಕ್ರಿಸ್ಪ್ ಮಾಡೋಕೆ ಗಾಜಿನ ಬೇಕಿಂಗ್ ಡಿಶ್ ತಗೊಳ್ಬೇಕಾ? ಚಳಿಗಾಲ ಪೂರ್ತಿ ಬಳಸಿದ್ಮೇಲೆ ಬರೆದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಚಳಿಗಾಲದಲ್ಲಿ ಬಿಸಿಬಿಸಿ ಫ್ರೂಟ್ ಕ್ರಿಸ್ಪ್ ಮಾಡೋರು, ಅಥವಾ ಈ ಸಲ ಶುರು ಮಾಡೋಣ ಅಂತಿರೋರು, ಒಂದೇ ಒಂದು ಪಾತ್ರೆ ತಗೊಳ್ಳೋದಾದ್ರೆ ಸುಮಾರು 2 ಲೀಟರ್ ಹಿಡಿಯೋ ಚೌಕದ ಗಾಜಿನ ಬೇಕಿಂಗ್ ಡಿಶ್ ತಗೊಳ್ಳಿ. ನನ್ನ ಹತ್ರ ಇರೋದು 20 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 5 ಸೆಂಟಿಮೀಟರ್ ಆಳ, ಎರಡೂ ಕಡೆ ಹಿಡಿ ಇದೆ, ಬೊರೊಸಿಲಿಕೇಟ್ ಅನ್ನೋ ಬಿಸಿ ತಡೆಯೋ ಜಾತಿ ಗಾಜು. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಅಳತೆ ಡಿಶ್ ಬೇಕಾದಷ್ಟು ಜನ ಮಾಡ್ತಾರೆ, ನಾನು ಹೇಳ್ಬೇಕು ಅಂತಿರೋದು ಗಾಜಿನ ಬಗ್ಗೆ, ಆಳ ಅಗಲದ ಬಗ್ಗೆ, ಇದ್ರಲ್ಲಿ ಕ್ರಿಸ್ಪ್ ಹೇಗೆ ಬೇಯುತ್ತೆ ಅನ್ನೋದ್ರ ಬಗ್ಗೆ. ಚೀನಾ ಮಣ್ಣಿನ ಡಿಶ್, ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಟ್ರೇ ಎಲ್ಲದ್ರಲ್ಲೂ ಇದೇ ಕ್ರಿಸ್ಪ್ ಮಾಡಿದೀನಿ, ಹಾಗಾಗಿ ಹೋಲಿಸಿ ಹೇಳ್ಬಲ್ಲೆ.

ಕ್ರಿಸ್ಪ್ ಅಂದ್ರೆ ಏನು ಅಂತ ಗೊತ್ತಿಲ್ದೆ ಇರೋರಿಗೆ ಎರಡು ಮಾತು. ಕೆಳಗೆ ಹೆಚ್ಚಿದ ಹಣ್ಣು, ಸ್ವಲ್ಪ ಸಕ್ಕರೆ, ನಿಂಬೆ ರಸ, ಒಂದು ಚಮಚ ಕಾರ್ನ್‌ಫ್ಲೋರ್. ಮೇಲೆ ಬೆಣ್ಣೆ, ಮೈದಾ, ಬ್ರೌನ್ ಶುಗರ್, ಓಟ್ಸ್ ಸೇರಿಸಿ ಕೈಯಲ್ಲೇ ತಿಕ್ಕಿದ ಪುಡಿಪುಡಿ ಹಿಟ್ಟು. ಓವನ್‌ನಲ್ಲಿ ಇಟ್ರೆ ಕೆಳಗಡೆ ಹಣ್ಣು ಬೆಂದು ಪಾಕ ಆಗುತ್ತೆ, ಮೇಲ್ಗಡೆ ಗರಿಗರಿ ಆಗುತ್ತೆ, ಅಷ್ಟೇ. ಓಟ್ಸ್ ಇಲ್ದೆ ಬರೀ ಹಿಟ್ಟು ಬೆಣ್ಣೆ ಸಕ್ಕರೆ ಆದ್ರೆ ಅದನ್ನ ಸಾಮಾನ್ಯವಾಗಿ ಕ್ರಂಬಲ್ ಅಂತಾರೆ, ಮೇಲೆ ಬಿಸ್ಕತ್ತಿನ ಹಿಟ್ಟಿನ ತರದ ಮೆತ್ತನೆ ಉಂಡೆ ಹಾಕಿದ್ರೆ ಕಾಬ್ಲರ್. ಆಪಲ್ ಕ್ರಿಸ್ಪ್ ರೆಸಿಪಿ ಅಚ್ಚಾಗಿದ್ದು ಅಮೆರಿಕದಲ್ಲಿ 1924ರ ಸುಮಾರಿಗೆ ಸಿಗುತ್ತೆ, ಅಂದ್ರೆ ಪೈ (ಲಟ್ಟಿಸಿದ ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸೋದು) ಮುಂದೆ ಇದು ತುಂಬಾ ಹೊಸದು. ಬ್ರಿಟನ್‌ನಲ್ಲಿ ಕ್ರಂಬಲ್ ಮನೆಮಾತಾಗಿದ್ದು ಎರಡನೇ ಮಹಾಯುದ್ಧದ ಟೈಮಲ್ಲಿ, ಬೆಣ್ಣೆ ಸಕ್ಕರೆ ಎಲ್ಲಾ ರೇಷನ್‌ನಲ್ಲಿ ಸಿಗ್ತಿತ್ತು, ಪೈಗೆ ಬೇಕಾದಷ್ಟು ಹಿಟ್ಟು ಕಲಸೋಕೆ ಆಗ್ತಿರ್ಲಿಲ್ಲ, ಇರೋದ್ರಲ್ಲೇ ಪುಡಿ ಉದುರಿಸಿ ಹಣ್ಣು ಬೇಯಿಸ್ಕೊಂಡ್ರು. ಲಟ್ಟಿಸೋದು ಬೇಡ, ಅಂಚು ಮಡಚೋದು ಬೇಡ, ಹಿಟ್ಟು ಕಲಸಿ ಗಂಟೆಗಟ್ಲೆ ಬಿಡೋದು ಬೇಡ. ಬೇಕಿಂಗ್ ಬರಲ್ಲ ಅನ್ನೋರಿಗೂ ಇದು ಬರುತ್ತೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಆದ್ರೆ ಸುಲಭ ಅಂತ ಹೇಳೋ ಈ ತಿಂಡೀನೇ ಎಷ್ಟೋ ಕಡೆ ಸರಿಯಾಗಿ ಬೆಂದಿರಲ್ಲ, ಮೇಲೆ ಕೆಂಪಗಾಗಿರುತ್ತೆ ನೋಡೋಕೆ ಚೆನ್ನಾಗಿರುತ್ತೆ, ಚಮಚ ಹಾಕಿದ್ರೆ ಕೆಳಗೆ ನೀರು ನೀರು, ಬಾಯಿಗಿಟ್ರೆ ಕಾರ್ನ್‌ಫ್ಲೋರ್‌ದು ಹಸಿ ವಾಸನೆ. ಯಾಕೆ ಅಂದ್ರೆ ಎಲ್ಲರೂ ಮೇಲಿನ ಬಣ್ಣ ನೋಡಿ ಓವನ್ ಆಫ್ ಮಾಡ್ತಾರೆ. ಪಾಕ ಗಟ್ಟಿ ಆಗೋದು ಕಾರ್ನ್‌ಫ್ಲೋರ್ ಪೂರ್ತಿ ಬೆಂದಾಗ, ಅದಕ್ಕೆ ಹೆಚ್ಚುಕಮ್ಮಿ 95 ಡಿಗ್ರಿ ಸೆಲ್ಸಿಯಸ್ ಬೇಕು, ಅಂದ್ರೆ ಕುದಿ ಬರೋ ಹತ್ರ ಹತ್ರ. ಸಕ್ಕರೆ ಜಾಸ್ತಿ ಇದ್ರೆ ಇನ್ನೂ ನಿಧಾನ, ಯಾಕಂದ್ರೆ ಸಕ್ಕರೆ ನೀರನ್ನ ತಾನೇ ಹಿಡ್ಕೊಂಡುಬಿಡುತ್ತೆ, ಕಾರ್ನ್‌ಫ್ಲೋರ್‌ನ ಪಿಷ್ಟ ಉಬ್ಬೋಕೆ ಇನ್ನಷ್ಟು ಬಿಸಿ ಕೇಳುತ್ತೆ. ಸೇಬಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ ಇರೋದು, ಅದೆಲ್ಲಾ ಹೊರಗೆ ಬಂದು, ಕುದ್ದು, ಕಾರ್ನ್‌ಫ್ಲೋರ್ ಜೊತೆ ಸೇರಿ ಹೊಳಪು ಬರೋ ಪಾಕ ಆಗ್ಬೇಕು. ಇದು ಆಗಿದ್ಯಾ ಇಲ್ವಾ ಅಂತ ಮೇಲಿಂದ ನೋಡಿ ಹೇಳೋಕೆ ಆಗಲ್ಲ, ಮೇಲೆ ಓಟ್ಸ್ ಮುಚ್ಚಿರುತ್ತಲ್ಲ.

ಗಾಜಿನ ಡಿಶ್ ನನಗೆ ಇಷ್ಟ ಆಗಿದ್ದು ಇಲ್ಲೇ. ಓವನ್ ಲೈಟ್ ಹಾಕಿ ಬಗ್ಗಿ ನೋಡಿದ್ರೆ ಪಕ್ಕದಿಂದ ಎಲ್ಲಾ ಕಾಣುತ್ತೆ. ಮೊದ್ಲ 15 ನಿಮಿಷ ಏನೂ ಆಗಲ್ಲ, ಹಣ್ಣಿನ ಹೋಳು ಹಾಗೇ ಇರುತ್ತೆ, ತಳದಲ್ಲಿ ಒಂಚೂರು ತೆಳ್ಳಗಿನ ರಸ. ಆಮೇಲೆ ಮೂಲೆಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಅದು ಚುರುಕಾಗಿ ಮೇಲೆ ಓಡ್ತಿರುತ್ತೆ, ರಸ ಇನ್ನೂ ಬೆಳ್ಳಗೆ ಮಬ್ಬಾಗಿರುತ್ತೆ. ಇನ್ನೂ ಸ್ವಲ್ಪ ಹೊತ್ತು ಬಿಟ್ರೆ ಗುಳ್ಳೆ ದೊಡ್ಡದಾಗುತ್ತೆ, ನಿಧಾನ ಆಗುತ್ತೆ, ಬೆಲ್ಲದ ಪಾಕ ಹದಕ್ಕೆ ಬರೋವಾಗ ಪಟ್ ಪಟ್ ಅಂತ ಸೋಮಾರಿಯಾಗಿ ಒಡೆಯುತ್ತಲ್ಲ ಹಾಗೆ, ಮಬ್ಬು ಹೋಗಿ ರಸ ತಿಳಿಯಾಗುತ್ತೆ. ಅಂಚಿನಲ್ಲಿ ಆ ತರ ಕುದಿಯೋಕೆ ಶುರುವಾದ್ಮೇಲೆ ನಡುಮಧ್ಯೆ ಓಟ್ಸ್ ಸಂದಿಯಿಂದಲೂ ಒಂದೆರಡು ಕಡೆ ಪಾಕ ಉಕ್ಕಿ ಬರೋವರೆಗೂ ಕಾಯ್ಬೇಕು. ಆಗ ತೆಗೆದ್ರೆ ಯಾವತ್ತೂ ನೀರಾಗಿರಲ್ಲ. ರೆಸಿಪಿಗಳಲ್ಲಿ 40 ನಿಮಿಷ 45 ನಿಮಿಷ ಅಂತ ಬರೆದಿರ್ತಾರೆ, ನಿಮ್ಮ ಓವನ್, ನಿಮ್ಮ ಹಣ್ಣು, ಹೋಳಿನ ಗಾತ್ರ ಇದ್ಯಾವುದೂ ಬರೆದವರಿಗೆ ಗೊತ್ತಿರಲ್ವಲ್ಲ, ಗಡಿಯಾರಕ್ಕಿಂತ ಗುಳ್ಳೆ ನಂಬಿ. ಚೀನಾ ಮಣ್ಣಿನ ಡಿಶ್‌ನಲ್ಲಿ, ಕಬ್ಬಿಣದಲ್ಲಿ ಈ ಅನುಕೂಲ ಇಲ್ವೇ ಇಲ್ಲ, ಅಲ್ಲಿ ಮೇಲಿನ ಸಂದಿಯಲ್ಲಿ ಉಕ್ಕೋದಷ್ಟೇ ಕಾಣೋದು, ತಳದಲ್ಲಿ ಏನಾಗ್ತಿದೆ ಅಂತ ಅಂದಾಜು ಮಾಡ್ಬೇಕು.

ತಳ ಕಾಣೋದು ಇನ್ನೊಂದು ಕಾರಣಕ್ಕೂ ಮುಖ್ಯ. ಸಕ್ಕರೆ ರಸ ಮೂಲೆಯಲ್ಲಿ ಕಪ್ಪಾಗೋಕೆ ಶುರುವಾದ್ರೆ ತಕ್ಷಣ ಗೊತ್ತಾಗುತ್ತೆ, ಕಹಿ ಬರೋ ಮುಂಚೆ ತೆಗೀಬಹುದು.

ಈಗ ಆಳದ ವಿಷಯ. ಅಂಗಡಿಗೆ ಹೋದ್ರೆ ಆಳವಾದ ದುಂಡನೆ ಗಾಜಿನ ಬಟ್ಟಲುಗಳೂ ಇರ್ತಾವೆ, ನೋಡೋಕೆ ಚೆಂದ, ಕ್ರಿಸ್ಪ್‌ಗೆ ಮಾತ್ರ ಬೇಡ. ಆಳ ಜಾಸ್ತಿ ಆದ್ರೆ ನಡುವಿನ ಹಣ್ಣು ಬೇಯೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಮೇಲಿನ ಓಟ್ಸ್ ಕಪ್ಪಾಗಿರುತ್ತೆ, ಜೊತೆಗೆ ಮೇಲ್ಮೈ ಕಮ್ಮಿ ಇರೋದ್ರಿಂದ ಹಬೆ ಹೊರಗೆ ಹೋಗೋಕೆ ಜಾಗ ಸಾಲಲ್ಲ, ಆ ಹಬೆ ಎಲ್ಲಾ ಪುಡಿಯೊಳಗೇ ನುಗ್ಗಿ ಅದನ್ನ ಮೆತ್ತಗೆ ಮಾಡುತ್ತೆ. ಅಗಲವಾಗಿ ಹರಡಿದ್ರೆ ಪ್ರತಿ ಚಮಚಕ್ಕೂ ಗರಿಗರಿ ಭಾಗ ಸಿಗುತ್ತೆ, ಮನೆಯಲ್ಲಿ ಎಲ್ಲರೂ ಜಗಳ ಆಡೋದು ಅದಕ್ಕೇ. ನನ್ನ ಲೆಕ್ಕ ಏನಂದ್ರೆ ಹಣ್ಣು 3 ಸೆಂಟಿಮೀಟರ್ ಎತ್ತರ, ಅದ್ರ ಮೇಲೆ ಪುಡಿ 1ರಿಂದ 1.5 ಸೆಂಟಿಮೀಟರ್, ಉಳಿದ ಜಾಗ ಕುದಿ ಉಕ್ಕೋಕೆ ಬಿಡಿ. 5 ಸೆಂಟಿಮೀಟರ್ ಆಳದ ಡಿಶ್‌ಗೆ ಇದು ಸರಿಯಾಗಿ ಕೂರುತ್ತೆ. ಓವನ್‌ನ ಕೆಳಗಿನ ರ‍್ಯಾಕ್‌ನಲ್ಲಿ ಒಂದು ಟ್ರೇ ಇಟ್ಟಿರಿ, ರಸ ಒಂದು ಹನಿ ಓವನ್ ತಳಕ್ಕೆ ಬಿದ್ರೂ ಮನೆಯೆಲ್ಲಾ ಹೊಗೆ.

ಗಾಜು ಶಾಖವನ್ನ ಬೇಗ ದಾಟಿಸೋ ವಸ್ತು ಅಲ್ಲ, ಅಲ್ಯೂಮಿನಿಯಂ ಜೊತೆ ಹೋಲಿಸಿದ್ರೆ ಇನ್ನೂರು ಪಟ್ಟು ನಿಧಾನ ಅಂದ್ರೂ ತಪ್ಪಾಗಲ್ಲ. ಕೇಕ್ ಮಾಡೋರು ಇದನ್ನೇ ದೂರು ಹೇಳ್ತಾರೆ, ಅಂಚು ಗಟ್ಟಿಯಾಗುತ್ತೆ ನಡು ಬೇಯಲ್ಲ ಅಂತ, ಅದಕ್ಕೇ ಗಾಜಿನ ಪಾತ್ರೆ ಆದ್ರೆ ಓವನ್ 15 ಡಿಗ್ರಿ ಕಮ್ಮಿ ಇಡಿ ಅಂತ ಸಲಹೆ ಕೊಡೋದು. ಕ್ರಿಸ್ಪ್‌ಗೆ ಈ ನಿಧಾನವೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಹಣ್ಣು ಒಂದೇ ಸಲ ಬಿಸಿಗೆ ಸಿಕ್ಕಿ ತಳ ಹಿಡಿಯಲ್ಲ, ರಸ ಬಿಡೋಕೆ ಹೊತ್ತು ಸಿಗುತ್ತೆ. ಒಂದು ಸಲ ಬಿಸಿ ಆದ್ಮೇಲೆ ಮತ್ತೆ ಬೇಗ ಆರೋದೂ ಇಲ್ಲ. ಚಳಿಗಾಲದ ರಾತ್ರಿ ಊಟ ಶುರು ಮಾಡೋವಾಗ ಓವನ್‌ನಿಂದ ತೆಗೆದಿಟ್ರೆ ಊಟ ಮುಗಿಸೋ ಹೊತ್ತಿಗೆ ಬಾಯಿ ಸುಡದಷ್ಟು, ಆದ್ರೆ ಒಳ್ಳೇ ಬಿಸಿ ಇರುತ್ತೆ, ಮತ್ತೆ ಬಡಿಸ್ಕೊಳ್ಳೋರಿಗೂ ಬೆಚ್ಚಗೇ ಸಿಗುತ್ತೆ. ಅಲ್ಯೂಮಿನಿಯಂ ಟ್ರೇನಲ್ಲಿ ಅದು ಹತ್ತು ನಿಮಿಷದಲ್ಲಿ ತಣ್ಣಗೆ. ತೆಗೆದ ತಕ್ಷಣ ಬಡಿಸ್ಬೇಡಿ, 15ರಿಂದ 20 ನಿಮಿಷ ಬಿಡಿ, ಪಾಕ ಸ್ವಲ್ಪ ಆರಿದಾಗಲೇ ಅದು ಹಣ್ಣಿಗೆ ಅಂಟೋದು, ಕುದಿಯೋವಾಗ ಎಷ್ಟೇ ಹದವಾಗಿದ್ರೂ ತೆಳ್ಳಗೇ ಇರುತ್ತೆ.

ಇನ್ನು ಹುಳಿ. ಕ್ರಿಸ್ಪ್‌ಗೆ ಹಾಕೋ ಹಣ್ಣೆಲ್ಲಾ ಹುಳಿ ಇರೋವೇ, ಮೇಲೆ ನಿಂಬೆ ರಸ ಬೇರೆ. ಬರೀ ಅಲ್ಯೂಮಿನಿಯಂ, ಸರಿಯಾಗಿ ಎಣ್ಣೆ ಕುಡಿದಿರದ ಕಬ್ಬಿಣ, ಇವೆರಡರಲ್ಲೂ ಹುಳಿ ಹಣ್ಣು ಮುಕ್ಕಾಲು ಗಂಟೆ ಕುದ್ರೆ ಲೋಹದ ರುಚಿ ಬರುತ್ತೆ, ಕಬ್ಬಿಣದಲ್ಲಿ ಬಣ್ಣಾನೂ ಕಪ್ಪಿಡುತ್ತೆ. ಗಾಜಿಗೆ ಹುಳಿ ತಾಗೋದೇ ಇಲ್ಲ, ರಾತ್ರಿ ಉಳಿದಿದ್ದನ್ನ ಅದೇ ಡಿಶ್‌ನಲ್ಲಿ ಫ್ರಿಜ್‌ಗೆ ಇಟ್ರೂ ಬೆಳಿಗ್ಗೆ ರುಚಿ ಹಾಗೇ ಇರುತ್ತೆ.

ಗಾಜಿನ ಪಾತ್ರೆ ಓವನ್‌ಗೆ ಬಂದ ಕತೆ ನನಗೆ ತುಂಬಾ ಇಷ್ಟ, ಹೇಳಿಬಿಡ್ತೀನಿ. 1913ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ಜೆಸ್ಸಿ ಲಿಟಲ್‌ಟನ್ ಅಂತ ವಿಜ್ಞಾನಿ ಇದ್ರು, ಅವರ ಹೆಂಡತಿ ಬೆಸ್ಸಿಯವರ ಬೇಕಿಂಗ್ ಪಾತ್ರೆ ಒಡೆದುಹೋಗಿತ್ತು, ಬ್ಯಾಟರಿಗೆ ಅಂತ ಮಾಡಿದ ಗಾಜಿನ ಜಾಡಿಯ ತಳ ಕೊಯ್ದು ಗಂಡ ಮನೆಗೆ ತಂದುಕೊಟ್ರು, ಆಕೆ ಅದ್ರಲ್ಲೇ ಸ್ಪಂಜ್ ಕೇಕ್ ಮಾಡಿದ್ರು. ಕೇಕ್ ಚೆನ್ನಾಗಿ ಬೆಂದಿತ್ತು, ಬೇಯೋದು ಹೊರಗಿಂದಾನೇ ಕಾಣ್ತಿತ್ತು. ಎರಡು ವರ್ಷ ಆದ್ಮೇಲೆ, 1915ರಲ್ಲಿ, ಪೈರೆಕ್ಸ್ ಹೆಸರಲ್ಲಿ ಗಾಜಿನ ಬೇಕಿಂಗ್ ಪಾತ್ರೆ ಮಾರ್ಕೆಟ್‌ಗೆ ಬಂತು. ಅಂದ್ರೆ ನಾನು ಇವತ್ತು ಓವನ್ ಮುಂದೆ ಬಗ್ಗಿ ಗುಳ್ಳೆ ನೋಡೋ ಅನುಕೂಲಾನ ನೂರು ವರ್ಷದ ಹಿಂದೇನೇ ಒಬ್ಬ ಹೆಣ್ಣುಮಗಳು ತನ್ನ ಅಡುಗೆಮನೆಯಲ್ಲಿ ಗುರುತಿಸಿದ್ರು, ಲ್ಯಾಬ್‌ನಲ್ಲಿ ಅಲ್ಲ.

ತಗೊಳ್ಳೋವಾಗ ಯಾವ ಗಾಜು ಅಂತ ಮಾತ್ರ ಖಂಡಿತ ಓದಿ. ಎರಡು ಜಾತಿ ಇರುತ್ತೆ. ಒಂದು ಬೊರೊಸಿಲಿಕೇಟ್, ಬೋರಾನ್ ಸೇರಿರೋದು, ಬಿಸಿಗೆ ಹಿಗ್ಗೋದು ಬಹಳ ಕಮ್ಮಿ, ಮಾಮೂಲಿ ಗಾಜಿನ ಮೂರನೇ ಒಂದು ಪಾಲು ಅಷ್ಟೇ. ಇನ್ನೊಂದು ಸೋಡಾ ಲೈಮ್, ಅಂದ್ರೆ ಆ ಮಾಮೂಲಿ ಗಾಜನ್ನೇ ಟೆಂಪರ್ ಮಾಡಿದ್ದು, ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ಗಾಜು ಒಡೆಯೋದು ಬಿಸಿ ಆಯ್ತು ಅಂತ ಅಲ್ಲ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಣ್ಣಗೆ ಇದ್ದಾಗ ಒಂದು ಭಾಗ ಹಿಗ್ಗಿ ಇನ್ನೊಂದನ್ನ ಎಳೆಯುತ್ತೆ, ಅದಕ್ಕೆ. ಹಿಗ್ಗೋದೇ ಕಮ್ಮಿ ಇದ್ರೆ ಎಳೆತಾನೂ ಕಮ್ಮಿ. ಟೆಂಪರ್ ಮಾಡಿದ್ದು ಕೈಜಾರಿ ಬಿದ್ದಾಗ, ಸಿಂಕ್‌ಗೆ ತಾಗಿದಾಗ ಚೆನ್ನಾಗಿ ತಡೆಯುತ್ತೆ, ಹಾಗಾಗಿ ಅದು ಕೆಟ್ಟದ್ದೇನಲ್ಲ, ಆದ್ರೆ ಬಿಸಿ ತಣ್ಣಗಿನ ಏರುಪೇರಿಗೆ ಬೊರೊಸಿಲಿಕೇಟೇ ಗಟ್ಟಿ. ಅಮೆರಿಕದಲ್ಲಿ ಈಗ ಸಿಗೋ ಪೈರೆಕ್ಸ್ ಸೋಡಾ ಲೈಮ್, ಯೂರೋಪಿನಲ್ಲಿ ಮಾರೋದು ಬೊರೊಸಿಲಿಕೇಟ್, ಹೆಸರು ಒಂದೇ ಅಂತ ಗಾಜೂ ಒಂದೇ ಅಂದ್ಕೋಬೇಡಿ. ಡಬ್ಬದ ಮೇಲೆ ಬರೆದಿರುತ್ತೆ. ಬರೆದಿಲ್ಲ ಅಂದ್ರೆ ಅಂಚನ್ನ ಪಕ್ಕದಿಂದ ನೋಡಿ, ಸಾಮಾನ್ಯವಾಗಿ ಸೋಡಾ ಲೈಮ್‌ಗೆ ಒಂಚೂರು ಹಸಿರು ಛಾಯೆ ಇರುತ್ತೆ.

ಯಾವುದೇ ಆಗಿರ್ಲಿ ಕೆಲವು ವಿಷಯದಲ್ಲಿ ರಾಜಿ ಮಾಡ್ಕೋಬೇಡಿ, ಅದರಲ್ಲೂ ಚಳಿಗಾಲದಲ್ಲಿ, ಯಾಕಂದ್ರೆ ಅಡುಗೆ ಕಟ್ಟೆ ಕಲ್ಲು ಕೊರೆಯೋ ಹಾಗೆ ತಣ್ಣಗಿರುತ್ತೆ. ಓವನ್ ಪೂರ್ತಿ ಬಿಸಿ ಆದ್ಮೇಲೇ ಡಿಶ್ ಒಳಗಿಡಿ, ತಣ್ಣಗಿನ ಓವನ್‌ನಲ್ಲಿಟ್ಟು ಆನ್ ಮಾಡಿದ್ರೆ ಕಾಯಿಲ್ ಕೆಂಪಗಾಗಿ ನೇರ ಶಾಖ ಒಂದೇ ಕಡೆ ಬಡಿಯುತ್ತೆ. ಹೊರಗೆ ತೆಗೆದಾಗ ಕಲ್ಲಿನ ಮೇಲೆ, ಸ್ಟೀಲ್ ಸಿಂಕ್ ಪಕ್ಕ, ಒದ್ದೆ ಬಟ್ಟೆ ಮೇಲೆ ಇಡ್ಲೇಬೇಡಿ, ಒಣಗಿದ ದಪ್ಪ ಬಟ್ಟೆ ಮಡಚಿ ಹಾಕಿ ಅಥವಾ ಮರದ ಮಣೆ ಇಡಿ. ಮಸಿಬಟ್ಟೆ ಕೂಡ ಒಣಗಿರ್ಬೇಕು, ಒದ್ದೆಯಾಗಿದ್ರೆ ಗಾಜಿಗೂ ಅಪಾಯ ನಿಮ್ಮ ಕೈಗೂ ಅಪಾಯ, ಒದ್ದೆ ಬಟ್ಟೆ ಬಿಸಿಯನ್ನ ಸೀದಾ ಕೈಗೆ ದಾಟಿಸುತ್ತೆ. ಬೇಯ್ತಿರೋವಾಗ ನೀರು, ಹಾಲು ಏನೂ ಸುರೀಬೇಡಿ. ಚೂರು ಬಿರುಕು, ಅಂಚು ಚಕ್ಕೆ ಎದ್ದಿದ್ರೆ ಆ ಡಿಶ್ ಓವನ್‌ಗೆ ಮತ್ತೆ ಬೇಡ, ಎಷ್ಟೇ ಪ್ರೀತಿಯದ್ದಾಗಿದ್ರೂ.

ಈಗ ನನಗೆ ಬೇಜಾರಾದ ವಿಷಯಗಳು. ಮೊದಲನೇದು ಫ್ರೋಜನ್ ಹಣ್ಣು. ಚಳಿಗಾಲದಲ್ಲಿ ಬೆರಿ, ಪೀಚ್ ತಾಜಾ ಸಿಗೋದು ಕಷ್ಟ, ಫ್ರೋಜನ್ ಪ್ಯಾಕೆಟ್ಟೇ ಗತಿ, ಅದನ್ನ ಕರಗಿಸದೆ ಹಾಗೇ ಹಾಕಿ ಬೇಯಿಸಿದ್ರೆ ಹಣ್ಣಿನ ಆಕಾರ ಚೆನ್ನಾಗಿರುತ್ತೆ ಅಂತ ಬಹಳ ರೆಸಿಪಿ ಹೇಳ್ತಾವೆ. ಗಾಜಿನ ಡಿಶ್‌ನಲ್ಲಿ ಅದನ್ನ ಮಾಡೋ ಹಾಗಿಲ್ಲ, ಮಂಜುಗಡ್ಡೆ ಹಣ್ಣು ತುಂಬಿದ ಗಾಜು 190 ಡಿಗ್ರಿ ಓವನ್‌ಗೆ ಹೋಗ್ಬಾರ್ದು, ತಯಾರಕರೇ ಬೇಡ ಅಂತಾರೆ. ದಾರಿ ಇದೆ, ಹಣ್ಣನ್ನ ಬೇರೆ ಪಾತ್ರೆಯಲ್ಲಿ ಹಾಕಿ ಒಲೆ ಮೇಲೆ ಸಕ್ಕರೆ, ನಿಂಬೆ ರಸ, ಕಾರ್ನ್‌ಫ್ಲೋರ್ ಜೊತೆ ಒಂದು ಕುದಿ ಬರೋವರೆಗೂ ಬಿಸಿ ಮಾಡಿ, ಉಗುರು ಬೆಚ್ಚಗೆ ಆದ್ಮೇಲೆ ಡಿಶ್‌ಗೆ ಸುರಿದು, ಮೇಲೆ ಪುಡಿ ಹಾಕಿ ಬೇಯಿಸಿ. ನಿಜ ಹೇಳ್ಬೇಕು ಅಂದ್ರೆ ಬೆರಿ ಕ್ರಿಸ್ಪ್ ಈ ರೀತಿ ಮಾಡಿದಾಗ್ಲೇ ಇನ್ನೂ ಚೆನ್ನಾಗಿ ಬರುತ್ತೆ, ಪಾಕದ ಹದ ಕೈಯಲ್ಲೇ ಇರುತ್ತೆ, ಓವನ್‌ನಲ್ಲಿ ಮೇಲಿನ ಭಾಗ ಕೆಂಪಾದ್ರೆ ಸಾಕು. ಆದ್ರೂ ತೊಳೆಯೋಕೆ ಇನ್ನೊಂದು ಪಾತ್ರೆ ಆಯ್ತಲ್ಲ. ವರ್ಷಪೂರ್ತಿ ಫ್ರೋಜನ್ ಹಣ್ಣಲ್ಲೇ ಮಾಡೋರು ನೀವಾಗಿದ್ರೆ ಎನಾಮಲ್ ಹಾಕಿದ ಲೋಹದ ಟ್ರೇ ತಗೊಳ್ಳಿ, ಗಾಜು ಬೇಡ.

ಎರಡನೇದು ಗ್ರಿಲ್. ಕೊನೇ ಎರಡು ನಿಮಿಷ ಮೇಲಿನ ಕಾಯಿಲ್ ಮಾತ್ರ ಹಾಕಿ ಇನ್ನಷ್ಟು ಕೆಂಪು ಮಾಡೋಣ ಅಂದ್ರೆ ಗಾಜಿಗೆ ಅದೂ ಇಲ್ಲ. ಓವನ್‌ನ ಮಧ್ಯದ ಬದ್ಲು ಮೇಲಿಂದ ಮೂರನೇ ಒಂದು ಭಾಗದಲ್ಲಿ ರ‍್ಯಾಕ್ ಇಟ್ರೆ ಗ್ರಿಲ್ ಬೇಕಾಗಲ್ಲ, ನಾನು ಮಾಡೋದು ಅದೇ.

ಮೂರನೇದು ಮುಚ್ಚಳ. ಡಿಶ್ ಜೊತೆ ಪ್ಲಾಸ್ಟಿಕ್ ಮುಚ್ಚಳ ಬರುತ್ತೆ, ಗಾಳಿ ಆಡದ ಹಾಗೆ ಬಿಗಿಯಾಗಿ ಕೂರುತ್ತೆ, ಅದೇ ತೊಂದರೆ. ಬಿಸಿ ಇರೋವಾಗ ಮುಚ್ಚಿದ್ರೆ ಒಳಗಡೆ ಹಬೆ ನೀರಾಗಿ ಓಟ್ಸ್ ಮೇಲೇ ತೊಟ್ಟಿಕ್ಕುತ್ತೆ, ಗರಿಗರಿ ಪೂರ್ತಿ ಹೋಗುತ್ತೆ. ಪೂರ್ತಿ ಆರಿದ್ಮೇಲೆ, ಒಂದು ತೆಳುವಾದ ಒಣಬಟ್ಟೆ ಮುಚ್ಚಿ ಅದ್ರ ಮೇಲೆ ಮುಚ್ಚಳವನ್ನ ಸಡಿಲವಾಗಿ ಇಡಿ. ಮುಚ್ಚಳ ಓವನ್‌ಗೆ ಹೋಗಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ.

ಹಣ್ಣಿನ ಬಗ್ಗೆ ಹೇಳದಿದ್ರೆ ಈ ರಿವ್ಯೂ ಅರ್ಧ. ಒಳ್ಳೇ ಡಿಶ್ ಇದ್ದು ತಪ್ಪು ಸೇಬು ಹಾಕಿದ್ರೆ ಗಂಜಿ ಆಗುತ್ತೆ. ಸೇಬಿನ ಹೋಳು ಬೆಂದ್ಮೇಲೂ ಹೋಳಾಗೇ ಉಳಿಯೋಕೆ ಪೆಕ್ಟಿನ್, ಅಂದ್ರೆ ಹಣ್ಣಿನ ತಿರುಳನ್ನ ಹಿಡಿದಿಡೋ ಅಂಟು, ಗಟ್ಟಿಯಾಗಿರ್ಬೇಕು, ಹುಳಿ ಸೇಬಲ್ಲಿ ಪೆಕ್ಟಿನ್ ಅಷ್ಟು ಬೇಗ ಕರಗಲ್ಲ, ಅದಕ್ಕೇ ಹಸಿರು ಬಣ್ಣದ ಗ್ರಾನಿ ಸ್ಮಿತ್ ಇಷ್ಟು ಹೆಸರುವಾಸಿ. 1868ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಮರಿಯಾ ಆನ್ ಸ್ಮಿತ್ ಅನ್ನೋ ಅಜ್ಜಿ ತೋಟದಲ್ಲಿ ತಾನಾಗೇ ಹುಟ್ಟಿದ ಗಿಡ ಅದು, ಅವರ ಹೆಸರೇ ಉಳೀತು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಕೂಡ ಬಿಸಿಗೆ ಚೆನ್ನಾಗಿ ನಿಲ್ಲುತ್ತೆ, ಸಿಹಿ ಜಾಸ್ತಿ, ಹಾಗಾಗಿ ಸಕ್ಕರೆ ಕಮ್ಮಿ ಮಾಡಿ. ಮ್ಯಾಕಿಂಟಾಷ್ ಬೇಗ ಕರಗಿಹೋಗುತ್ತೆ, ಇಂಗ್ಲೆಂಡಿನ ಬ್ರಾಮ್ಲಿ ಹುಳಿ ಇದ್ರೂ ನೊರೆನೊರೆಯಾಗಿ ಕರಗುತ್ತೆ, ಅಲ್ಲಿನ ಜನಕ್ಕೆ ಅದೇ ಇಷ್ಟ. ರೆಡ್ ಡೆಲಿಷಿಯಸ್ ನನಗಂತೂ ಬೇಡ, ಹುಳಿ ಇಲ್ಲ, ಬೆಂದ್ರೆ ಸಪ್ಪೆ. ನನ್ನ ಕೈಗೆ ಸಿಕ್ಕ ಒಳ್ಳೇ ಜೋಡಿ ಅಂದ್ರೆ ಎರಡು ಪಾಲು ಗ್ರಾನಿ ಸ್ಮಿತ್, ಒಂದು ಪಾಲು ಮೆತ್ತನೆ ಸಿಹಿ ಸೇಬು, ಗಟ್ಟಿ ಹೋಳು ಹಾಗೇ ಇರುತ್ತೆ, ಮೆತ್ತಗಿರೋದು ಕರಗಿ ಪಾಕಕ್ಕೆ ಮೈ ಕೊಡುತ್ತೆ.

ಪೇರ್ ಹಣ್ಣು ಹಾಕೋದಾದ್ರೆ ಬಾಸ್ಕ್ ಅಥವಾ ಆಂಜು ಜಾತಿದು, ಪೂರ್ತಿ ಹಣ್ಣಾಗೋಕೆ ಸ್ವಲ್ಪ ಮುಂಚೆ ಇರೋದು ತಗೊಳ್ಳಿ. ಪೇರ್ ಒಂದೇ ಹಾಕಿದ್ರೆ ರುಚಿ ತುಂಬಾ ಸೌಮ್ಯ, ಒಂದು ಹಿಡಿ ಕ್ರ್ಯಾನ್‌ಬೆರಿ ಸೇರಿಸಿ ನೋಡಿ, ಬಿಸಿಗೆ ಅದು ಒಡೆದು ಬಿಡೋ ಕೆಂಪು ಹುಳಿ ರಸ ಗಾಜಿನ ಪಕ್ಕದಿಂದ ಕಾಣೋದೇ ಒಂದು ಹಬ್ಬ.

ಅಳತೆ ಕೇಳ್ತೀರಾ, 2 ಲೀಟರ್ ಡಿಶ್‌ಗೆ ಸುಮಾರು 1 ಕೆಜಿ ಸೇಬು, ಸಿಪ್ಪೆ ತೆಗೆದು ಅರ್ಧ ಇಂಚು ದಪ್ಪದ ಹೋಳು. ತೆಳ್ಳಗೆ ಹೆಚ್ಬೇಡಿ, ಕರಗಿಬಿಡುತ್ತೆ. ಅದಕ್ಕೆ 60 ಗ್ರಾಂ ಸಕ್ಕರೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, 1 ದೊಡ್ಡ ಚಮಚ ನಿಂಬೆ ರಸ, ಚಕ್ಕೆ ಪುಡಿ, ಚಿಟಿಕೆ ಉಪ್ಪು. ಬೆರಿ ಆದ್ರೆ ಕಾರ್ನ್‌ಫ್ಲೋರ್ ಎರಡರಷ್ಟು, ರಸ ಜಾಸ್ತಿ ಬಿಡುತ್ತೆ. ನಿಂಬೆ ರಸ ಹೋಳು ಕಪ್ಪಾಗದ ಹಾಗೂ ನೋಡ್ಕೊಳ್ಳುತ್ತೆ. ಮೇಲಿನ ಪುಡಿಗೆ 100 ಗ್ರಾಂ ಮೈದಾ, 90 ಗ್ರಾಂ ರೋಲ್ಡ್ ಓಟ್ಸ್ (ಅವಲಕ್ಕಿ ತರ ಚಪ್ಪಟೆ ಮಾಡಿದ್ದು), 100 ಗ್ರಾಂ ಬ್ರೌನ್ ಶುಗರ್, 110 ಗ್ರಾಂ ಬೆಣ್ಣೆ, ಉಪ್ಪು ಮರೀಬೇಡಿ, ಉಪ್ಪಿಲ್ದಿದ್ರೆ ಬರೀ ಸಿಹಿ ಹೊಡೆಯುತ್ತೆ. ಓವನ್ 190 ಡಿಗ್ರಿ. ಓವನ್ ಗುಂಡಿ ಹೇಳೋ ಬಿಸಿ ಮತ್ತೆ ಒಳಗಿರೋ ಬಿಸಿ ಎಷ್ಟೋ ಸಲ ಬೇರೆ ಬೇರೆ ಇರುತ್ತೆ, ಒಳಗಡೆ ನೇತುಹಾಕೋ ಒಂದು ಚಿಕ್ಕ ಥರ್ಮಾಮೀಟರ್ ಇಟ್ಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತೆ.

ಓಟ್ಸ್‌ನಲ್ಲಿ ರೋಲ್ಡ್ ಅನ್ನೋದೇ ಆಗ್ಬೇಕು. ಇನ್‌ಸ್ಟಂಟ್ ಓಟ್ಸ್ ಹಿಟ್ಟಾಗಿಹೋಗುತ್ತೆ, ಸ್ಟೀಲ್ ಕಟ್, ಅಂದ್ರೆ ಚಪ್ಪಟೆ ಮಾಡದೆ ಬರೀ ತುಂಡು ಮಾಡಿದ ಓಟ್ಸ್, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಬೆಣ್ಣೆ ತಣ್ಣಗಿದ್ರೆ ಒಳ್ಳೇದಾ ಕರಗಿಸಿದ್ರೆ ಒಳ್ಳೇದಾ ಅಂತ ಬಹಳ ವಾದ ಇದೆ, ನಾನು ತಣ್ಣಗಿರೋ ಕಡೆ. ತಣ್ಣನೆ ಬೆಣ್ಣೆ ತುಂಡು ಮಾಡಿ ಬೆರಳ ತುದಿಯಲ್ಲಿ ತಿಕ್ಕಿದ್ರೆ ಪುಡಿ ಮತ್ತೆ ಉಂಡೆ ಎರಡೂ ಆಗುತ್ತೆ, ಬೆಣ್ಣೆಯಲ್ಲಿರೋ ನೀರು, ನೂರಕ್ಕೆ 16 ಪಾಲಿನಷ್ಟು ಇರುತ್ತೆ ಅದು, ಹಬೆಯಾಗಿ ಹೋದಾಗ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತೆ, ಅದಕ್ಕೇ ಹಗುರ, ಗರಿಗರಿ. ಕರಗಿಸಿ ಹಾಕಿದ್ರೆ ಎಲ್ಲಾ ಕಡೆ ಸಮನಾಗಿ ಹರಡುತ್ತೆ, ಬೇಗ ಕೆಲಸ ಮುಗಿಯುತ್ತೆ, ಆದ್ರೆ ಗಟ್ಟಿ ಪದರ ಆಗುತ್ತೆ. ಕಡಲೆಕಾಳಿನಷ್ಟು ದಪ್ಪದ ಉಂಡೆಗಳು ಅಲ್ಲಲ್ಲಿ ಇರ್ಲಿ, ಎಲ್ಲಾ ಒಂದೇ ತರ ಪುಡಿ ಆಗೋದು ಬೇಡ. ಉದುರಿಸೋವಾಗ ಒತ್ತಬೇಡಿ, ಒತ್ತಿದ್ರೆ ಹಬೆಗೆ ದಾರಿ ಮುಚ್ಚುತ್ತೆ. ಡಿಶ್‌ಗೆ ಹಾಕೋ ಮುಂಚೆ ಪುಡಿಯನ್ನ 15 ನಿಮಿಷ ಫ್ರಿಜ್‌ನಲ್ಲಿಡೋದು ಒಳ್ಳೇದು. ಅಕ್ರೋಟು ಬಾದಾಮಿ ಹಾಕೋರು ದಪ್ಪ ದಪ್ಪ ಜಜ್ಜಿ ಹಾಕಿ, ಸಣ್ಣದಾದ್ರೆ ಬೇಗ ಸೀಯುತ್ತೆ.

ಮಾರನೇ ದಿನಕ್ಕೆ ಉಳಿದ್ರೆ ಮೈಕ್ರೋವೇವ್ ಬೇಡ, ಒಂದು ನಿಮಿಷದಲ್ಲಿ ಬಿಸಿ ಆಗುತ್ತೆ ಸರಿ, ಹಣ್ಣಿನ ಹಬೆ ಮೇಲಕ್ಕೆ ಬಂದು ಓಟ್ಸ್ ಒದ್ದೆ ಬಟ್ಟೆ ಆಗುತ್ತೆ. ಡಿಶ್ ಫ್ರಿಜ್‌ನಿಂದ ತೆಗೆದು ಕಟ್ಟೆ ಮೇಲೆ ಮರದ ಮಣೆಯಲ್ಲಿ ಸಾಕಷ್ಟು ಹೊತ್ತು ಬಿಡಿ, ಚಳಿ ಇದ್ರೆ ಇನ್ನೂ ಜಾಸ್ತಿ ಹೊತ್ತು, ಗಾಜು ಮುಟ್ಟಿದ್ರೆ ತಣ್ಣಗೆ ಅನ್ಸ್ಬಾರ್ದು, ಆಮೇಲೆ 170 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಇಷ್ಟು ಕಾಯೋಕೆ ಆಗಲ್ಲ ಅನ್ನೋರು ಬೇಕಾದಷ್ಟನ್ನ ಲೋಹದ ಚಿಕ್ಕ ತಟ್ಟೆಗೆ ತೆಗೆದು ಬಿಸಿ ಮಾಡ್ಕೊಳ್ಳಿ. ವೆನಿಲಾ ಐಸ್‌ಕ್ರೀಮ್ ಹಾಕ್ಕೊಳ್ಳೋರು ಬಟ್ಟಲಿಗೆ ಬಡಿಸ್ಕೊಂಡ್ಮೇಲೆ ಪಕ್ಕದಲ್ಲಿ ಹಾಕಿ, ಬಿಸಿ ಡಿಶ್‌ಗೇ ಹಾಕ್ಬೇಡಿ. ಬಿಸಿ ಹಣ್ಣು, ತಣ್ಣನೆ ಐಸ್‌ಕ್ರೀಮ್ ಒಂದೇ ಚಮಚದಲ್ಲಿ ತಿನ್ನೋದು ಚಳಿಯಲ್ಲೂ ಯಾಕೆ ಅಷ್ಟು ಹಿತವಾಗಿರುತ್ತೋ, ಐಸ್‌ಕ್ರೀಮ್ ಕರಗಿ ಹುಳಿ ಪಾಕದ ಜೊತೆ ಸೇರಿದಾಗ ಆಗೋ ಆ ಕೆನೆ ರಸಕ್ಕೋಸ್ಕರಾನೇ ನಾನು ಇದನ್ನ ಮಾಡೋದು ಅಂದ್ರೂ ಸರಿ.

ತೊಳೆಯೋದು ಸುಲಭ. ಮೂಲೆಯಲ್ಲಿ ಪಾಕ ಸುಟ್ಟು ಅಂಟಿದ್ರೆ ಡಿಶ್ ಆರಿದ್ಮೇಲೆ ಬೆಚ್ಚನೆ ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಸ್ಪಂಜ್‌ನಲ್ಲಿ ಉಜ್ಜಿದ್ರೆ ಬರುತ್ತೆ. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸ್ಬೇಡಿ, ಕಣ್ಣಿಗೆ ಕಾಣದ ಗೀರು ಬಿದ್ರೂ ಗಾಜು ಅಲ್ಲಿಂದಾನೇ ಬಲ ಕಳ್ಕೊಳ್ಳೋದು. ಡಿಶ್ ಒಳಗೇ ಚಾಕು ಹಾಕಿ ಕತ್ತರಿಸೋದೂ ಬೇಡ, ಕ್ರಿಸ್ಪ್‌ಗೆ ದೊಡ್ಡ ಚಮಚ ಸಾಕು.

ಅಳತೆ ಬಗ್ಗೆ ಗೊಂದಲ ಇರೋರಿಗೆ, ಇಬ್ಬರಿಂದ ಆರು ಜನಕ್ಕೆ 2 ಲೀಟರ್ ಸರಿಹೋಗುತ್ತೆ. ಹತ್ತು ಹನ್ನೆರಡು ಜನಕ್ಕೆ ಆದ್ರೆ 23 ಬೈ 33 ಸೆಂಟಿಮೀಟರ್‌ದು, ಸುಮಾರು 3 ಲೀಟರ್ ಹಿಡಿಯೋದು ಬೇಕಾಗುತ್ತೆ, ಮೇಲೆ ಹೇಳಿದ ಎಲ್ಲಾ ಅಳತೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ. ಆದ್ರೆ ಅದು ಹಣ್ಣು ತುಂಬಿದಾಗ ಒಳ್ಳೇ ಭಾರ, ಚಿಕ್ಕ ಓವನ್‌ಗೆ ಹಿಡಿಯೋದೂ ಇಲ್ಲ, ಹಿಡಿಗಳನ್ನೂ ಸೇರಿಸಿ ಅಳೆದು ನೋಡಿ, ಸುತ್ತಲೂ ಎರಡು ಬೆರಳು ಜಾಗ ಗಾಳಿ ಆಡೋಕೆ ಉಳಿದ್ರೆ ಮಾತ್ರ ತಗೊಳ್ಳಿ.